ಬೀಳ್ತೈತೆ ಅಂತ ಕೂಗಿದ್ದೂ ಅತ್ತೆ, ಓಡಿದ್ದೂ ಅತ್ತೆ

ಏನಾದರೂ ಧಡ್ ಅಂದರೆ ಸಾಕು, ನನ್ನ ಕತ್ತು ತಾನಾಗಿಯೇ ಹೆಗಲೊಳಕ್ಕೆ ಇಳಿದುಬಿಡುತ್ತದೆ. ಕುಕ್ಕರಿನ ಮುಚ್ಚಳ ಬಿದ್ದರೂ ಅಷ್ಟೇ, ಬೀದಿಯಲ್ಲಿ ಯಾರಾದರೂ ಟ್ರೈಲರಿನ ಬಾಗಿಲು ಇಳಿಸಿದರೂ ಅಷ್ಟೇ. ಹೊನ್ನವಳ್ಳಿಯ ಮಗ್ಗುಲಲ್ಲಿ, ಸುತ್ತ ತೆಂಗಿನ ಮರ, ತಲೆಯ ಮೇಲೆ ಅಟ್ಟದ ತುಂಬ ಕಾಯಿ ಇಟ್ಟುಕೊಂಡು ಬದುಕುವವಳು ಈ ಸದ್ದಿಗೆ ಹೆದರುವುದೆಂದರೆ ಕಮ್ಮಾರನ ಹೆಂಡತಿ ಸುತ್ತಿಗೆ ಸದ್ದಿಗೆ ಬೆಚ್ಚಿದ ಹಾಗೆ. ಮನೆಯವರೆಲ್ಲ ನಗುತ್ತಾರೆ, ನಾನೂ ನಗುತ್ತೇನೆ. ನಕ್ಕು ಮುಗಿಸುವಷ್ಟರಲ್ಲಿ ಆ ಗೊನೆ ನನ್ನ ಕಣ್ಣ ಮುಂದೆ ಇನ್ನೊಂದು ಸಲ ಬಿದ್ದಿರುತ್ತದೆ.

ಇದನ್ನು ಬರೆಯಲೇ ಎಂದು ಅತ್ತೆಯನ್ನು ಕೇಳಿದೆ. ಅವರು ಕಡ್ಲೆಕಾಯಿ ಬಿಡಿಸುತ್ತಿದ್ದರು.

"ಬರಿ. ನಾಕು ಜನ ಹೆಂಗಸ್ರು ಓದಿ, ಹೋಗಿ ತೋರ್ಸ್ಕಂಡ್ರೆ ಒಳ್ಳೇದೇ. ಆದ್ರೆ ಯಾರ ಹೆಸ್ರೂ ಹಾಕ್‌ಬ್ಯಾಡ. ಹಾವಿನ ವಿಷ್ಯ ಬರೀಲೇಬ್ಯಾಡ ಕಣೇ, ಗಂಡಸ್ರು ಬೇಜಾರ್ ಮಾಡ್ಕಂತಾರೆ."

ಹೆಸರು ಹಾಕಿಲ್ಲ. ಹಾವನ್ನು ಬಿಟ್ಟು ಬರೆಯಲು ಮಾತ್ರ ನನ್ನಿಂದ ಆಗಲಿಲ್ಲ.

ನಮ್ಮ ತೋಟದಲ್ಲಿ ಕಾಯಿ ಕೆಡವುವ ದಿನಕ್ಕೊಂದು ಕಟ್ಟಳೆಯಿದೆ. ಮರ ಹತ್ತಿದವನು ಸುಳಿಯ ಹತ್ತಿರ ಕೂತು ಗೊನೆಗೆ ಕತ್ತಿ ಇಡುತ್ತಾನೆ, ಆದರೆ ಕಡಿಯುವುದಿಲ್ಲ. ಗರಿಗಳ ಸಂದಿಯಲ್ಲಿ ಅವನಿಗೆ ಕೆಳಗಿನವರು ಸರಿಯಾಗಿ ಕಾಣುವುದಿಲ್ಲ. ಬದುವಿನ ಮೇಲೆ ನಿಂತ ಒಬ್ಬರು ನಾಲ್ಕೂ ಕಡೆ ಕಣ್ಣಾಡಿಸಿ "ಬೀಳ್ತೈತೇ!" ಎಂದು ಕೂಗಬೇಕು. ಕೂಗು ಬಿದ್ದ ಮೇಲೆ ಕಾಯಿ ಆಯುವವರು, ಹೊರುವವರು, ಕಾಫಿ ಬಗ್ಗಿಸುತ್ತಿರುವವರು, ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಗೊನೆ ಬಿದ್ದು, ಚೆದುರಿದ ಕಾಯಿಗಳು ಉರುಳುವುದನ್ನು ನಿಲ್ಲಿಸಿದ ಮೇಲೆ ಅದೇ ಗಂಟಲು "ಆಯ್ತೂ" ಅನ್ನಬೇಕು. ಆಮೇಲೆ ಅಲ್ಲಾಡಬಹುದು.

ಆ ಗಂಟಲು ನಮ್ಮ ಅತ್ತೆಯದು. ಅವರು ಸೊಸೆಯಾಗಿ ಬಂದಾಗ ಅವರ ಅತ್ತೆಯಿಂದ ಬಂದ ಅಧಿಕಾರ. ಬಂದ ಒಡವೆಗಳಲ್ಲಿ ಕೆಲವನ್ನು ಹೆಣ್ಣುಮಕ್ಕಳಿಗೆ ಕೊಟ್ಟರು, ಕೂಗನ್ನು ಯಾರಿಗೂ ಕೊಡಲಿಲ್ಲ. "ನನ್ನ ಕೂಗ್ನಾಗೆ ಇದುವರ್ಗೂ ಯಾರ ತಲೆಗೂ ಒಂದು ಕುರುಂಬೆ ತಾಗಿಲ್ಲ" ಎಂದು ಬೀಗರ ಮುಂದೆ ಹೇಳಿಕೊಳ್ಳುತ್ತಿದ್ದರು. ಕುರುಂಬೆ ಅಂದರೆ ಮರದಲ್ಲಿ ಆಗಷ್ಟೇ ಕಚ್ಚಿದ ಪುಟ್ಟ ಕಾಯಿ, ಬಿದ್ದರೂ ಗುಬ್ಬಿಗೂ ನೋವಾಗದು.

ಆ ದಿನ ನಾನು ಕಾಫಿಯ ಫ್ಲಾಸ್ಕು ಹಿಡಿದು ತೋಟಕ್ಕೆ ಹೋದಾಗ ಅತ್ತೆ ಎಂದಿನಂತೆ ಬದುವಿನ ಮೇಲಿದ್ದರು. ಆದರೆ ಕಾಲಿಗೆ ಕಾಲು ಕತ್ತರಿ ಹಾಕಿಕೊಂಡು, ಒಂದು ಕೈಯಲ್ಲಿ ಗಿಡ ಹಿಡಿದು ನಿಂತಿದ್ದರು. ಕೂಗು ಕೂಡ ಹೊಟ್ಟೆಯಿಂದ ಬಾರದೆ ಗಂಟಲಿನ ಮೇಲುಭಾಗದಿಂದ ಬರುತ್ತಿತ್ತು. ಗ್ಯಾಸ್ ಆಗಿರಬೇಕು ಎಂದುಕೊಂಡೆ. ಬಿ.ಎಸ್ಸಿ ಓದಿದವಳ ತಲೆಗೆ ಹೊಳೆದದ್ದು ಅಷ್ಟೇ.

ಮರ ಹತ್ತುವಾತ ಪಂಪ್‌ಸೆಟ್ ಮನೆಯ ದಾರಿಯ ಪಕ್ಕದ ಹಳೇ ಮರದಲ್ಲಿದ್ದ. ಅತ್ತೆ ಆ ಕಡೆ ನೋಡಿದರು, ಈ ಕಡೆ ನೋಡಿದರು, ಉಸಿರೆಳೆದು "ಬೀಳ್ತೈತೇ!" ಎಂದು ಕೂಗಿದರು. ಎಲ್ಲರೂ ನಿಂತರು. ನಾನೂ ಫ್ಲಾಸ್ಕಿನ ಮುಚ್ಚಳ ಅರ್ಧ ತಿರುಗಿಸಿದ್ದವಳು ಹಾಗೇ ನಿಂತೆ. ಮರುಕ್ಷಣ ಅತ್ತೆ ಮುಂದಕ್ಕೆ ಬಾಗಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಬದುವಿನಿಂದ ಹಾರಿ, ಮನೆಯ ದಿಕ್ಕಿಗೆ ಓಡಿದರು. ಮನೆಯ ದಿಕ್ಕಿಗೆ ನೇರ ದಾರಿ ಅದೇ ಮರದ ಬುಡದಲ್ಲಿ ಹಾದುಹೋಗುತ್ತದೆ.

ನಾನು ಕೂಗಬೇಕಿತ್ತು, ಓಡಬೇಕಿತ್ತು. ಆದರೆ ಕೂಗು ಬಿದ್ದ ಮೇಲೆ ಅಲ್ಲಾಡಬಾರದು ಎನ್ನುವುದು ಆ ತೋಟದಲ್ಲಿ ಕಾಲಿಗೇ ಅಭ್ಯಾಸವಾಗಿಬಿಟ್ಟಿರುತ್ತದೆ. ನನ್ನ ಕಾಲು ಅತ್ತೆಯ ಮಾತನ್ನು ಅತ್ತೆಗಿಂತ ಚೆನ್ನಾಗಿ ಕೇಳಿತು. ಗೊನೆ ಬಂತು. ಧಡ್! ಅದು ಬಿದ್ದ ಗಾಳಿಗೆ ಅವರ ಸೆರಗು ಹಾರಿದ್ದನ್ನು ನಾನು ನೋಡಿದೆ. ಒಂದು ಕಾಯಿ ಪುಟಿದು ಅವರ ಹಿಮ್ಮಡಿಯನ್ನು ತಟ್ಟಿತು. ಅವರು ಒಂದು ಹೆಜ್ಜೆ ನಿಧಾನ ಮಾಡಿದ್ದರೆ... ಈ ವಾಕ್ಯವನ್ನು ನಾನು ಯಾವತ್ತೂ ಮುಗಿಸಿಲ್ಲ.

ಅತ್ತೆ ನಿಲ್ಲಲಿಲ್ಲ. ಮನೆಯವರೆಗೂ ಹೋಗಲಿಲ್ಲ. ಪಂಪ್‌ಸೆಟ್ ಪಕ್ಕದ ನೀರಿನ ತೊಟ್ಟಿಗೆ ಸೀರೆಸಮೇತ ಇಳಿದು ಕೂತುಬಿಟ್ಟರು.

ಮರದ ಮೇಲಿನಿಂದ ಗಾಬರಿಯ ದನಿ ಬಂತು. "ಯಾರ್ಲಾ ಅದು ಓಡಿದ್ದು?"

"ಅವ್ವ ಕಣ್ಲಾ!" ಎಂದ ಕಾಯಿ ಹೊರುವವನು.

"ಮತ್ತೆ ಕೂಗಿದ್ಯಾರು?"

"ಅವ್ವನೇ ಕಣ್ಲಾ!"

"ಲೇ, ಸರಿಯಾಗಿ ಹೇಳ್ಲಾ, ಕೈಕಾಲು ನಡುಗ್ತಾ ಅವೆ ನಂಗೆ!"

ನಮ್ಮ ಮನೆಯವರು ತೋಟದ ಆ ತುದಿಯಿಂದ ಓಡಿಬಂದರು. "ಯಾಕವ್ವ, ಏನಾಯ್ತು?"

ಎದೆಮಟ್ಟದ ನೀರಿನಲ್ಲಿ ಕೂತಿದ್ದ ಅತ್ತೆ ಗಂಭೀರವಾಗಿ, "ಹಾವು" ಎಂದರು.

"ಎಲ್ಲಿ?"

ಅತ್ತೆ ಕೈಯನ್ನು ಪಕ್ಕದ ತೋಟದಿಂದ ಹಿಡಿದು ತಿಪಟೂರಿನವರೆಗೂ ಒಂದು ಸುತ್ತು ಬೀಸಿದರು.

"ಎಷ್ಟುದ್ದ ಇತ್ತು?"

"ಅಳೆಯೋಕೆ ಪುರುಸೊತ್ತಿರ್ಲಿಲ್ಲ ಕಣಪ್ಪ."

ಗಂಡಸರೆಲ್ಲ ಕೋಲು ಹಿಡಿದು ಹುಲ್ಲು ಬಡಿಯಲು ಹೊರಟರು. ಸಂಜೆಯ ಹೊತ್ತಿಗೆ ಒಬ್ಬ ಬಾಲ ನೋಡಿದ್ದ, ಇನ್ನೊಬ್ಬ ಹೆಡೆ ನೋಡಿದ್ದ. ನಮ್ಮ ಮನೆಯವರು ಎರಡನ್ನೂ ಸೇರಿಸಿ ಒಂದು ಹಾವು ಮಾಡಿಕೊಂಡಿದ್ದರು. ಅತ್ತೆಗೆ ಟವೆಲು ಹೊದಿಸಿ ಒಳಕ್ಕೆ ಕರೆದುಕೊಂಡು ಹೋಗುವಾಗ ಅವರು ನನ್ನ ಕೈ ಹಿಂಡಿ, "ನೀನು ನೋಡ್ದೆ ಅಂತ ಗೊತ್ತು. ಬಾಯಿ ಮುಚ್ಕಂಡಿರು" ಎಂದರು. ಹಾವಿಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ಹಾವು ಕಂಡವರು ಓಡುವ ಮೊದಲು ನೆಲ ನೋಡುತ್ತಾರೆ. ಅತ್ತೆ ಮನೆಯನ್ನು ಮಾತ್ರ ನೋಡಿದ್ದರು.

ಊಟಕ್ಕೆ ಕೂತಾಗ ನಮ್ಮ ಮನೆಯವರು ತೀರ್ಪು ಕೊಟ್ಟರು. "ಅವ್ವ ಇನ್ಮೇಲೆ ಕೆಡವೋ ದಿನ ತೋಟಕ್ಕೆ ಬರೋದು ಬ್ಯಾಡ. ಜೀವ ಹೋಗಿದ್ರೆ ಏನು ಗತಿ? ಕೂಗೋಕೆ ಅಪ್ಪ ನಿಂತ್ಕಳ್ಳಿ. ನಾನೊಂದು ವಿಷಲ್ ತಂದ್ಕೊಡ್ತೀನಿ."

ಅತ್ತೆ ಮಜ್ಜಿಗೆಯನ್ನೂ ಹಾಕಿಸಿಕೊಳ್ಳದೆ ಎದ್ದರು. ಅತ್ತೆ ಜಗಳವಾಡಿದರೆ ನಮ್ಮ ಮನೆಗೆ ಅಭ್ಯಾಸವಿದೆ. ಸುಮ್ಮನಿದ್ದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅವರಿಗೆ ತೋಟದ ಕೂಗು ಹೋಗಿತ್ತು. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಕೂಗು ಹೋಗುತ್ತದೆ.

ಮಾರನೇ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾನೇ ಬಾಯಿ ಬಿಟ್ಟೆ. "ಅತ್ತೆ, ಎಷ್ಟು ದಿನದಿಂದ?"

ಸ್ವಲ್ಪ ಹೊತ್ತು ಸೀರೆಯನ್ನು ಕಲ್ಲಿಗೆ ಬಡಿದರು. ಆಮೇಲೆ, "ಮೂರನೇ ಬಾಣಂತನದಿಂದ ಅಷ್ಟಷ್ಟು ಇತ್ತು. ಸೀನಿದ್ರೆ, ಕೆಮ್ಮಿದ್ರೆ, ನಿಮ್ಮಾವ ಜೋಕ್ ಹೇಳಿದ್ರೆ ಒಂದೆರಡು ತೊಟ್ಟು ಉಚ್ಚೆ ಹೋಗ್ಬಿಡೋದು. ಅವ್ರ ಜೋಕಿಗೆ ನಾನ್ಯಾಕೆ ನಗಲ್ಲ ಅಂತ ಅವ್ರಿಗೆ ಬೇಜಾರು. ಈಗೀಗ ಕೂಗಿದ್ರೂ ಆಯ್ತದೆ. ಇದ್ದಕ್ಕಿದ್ದಂಗೆ ಒತ್ಕಂಡು ಬಂದ್ಬಿಡ್ತದೆ, ಓಡ್ದೆ ಇದ್ರೆ ಕಥೆ ಮುಗೀತು. ಅವತ್ತು ಓಡಿದ್ರೂ ತಡೀಲಿಲ್ಲ, ತೊಟ್ಟಿಗೆ ಇಳಿದ್ರೆ ಸೀರೆ ಯಾಕೆ ನೆಂದೈತೆ ಅಂತ ಯಾರೂ ಕೇಳಲ್ಲ" ಎಂದರು.

"ಯಾರಿಗೂ ಹೇಳಲಿಲ್ವಾ?"

"ಏನಂತ ಹೇಳೋದೇ? ವಾಲ್‌ನಾಗೆ ವಾಷರ್ ಸವೆದೋಗೈತೆ. ವಯಸ್ಸಾದ್ಮೇಲೆ ಹೊಸ ವಾಷರ್ ಯಾರು ಹಾಕ್ತಾರೆ? ಮೋಟ್ರೇ ಆಫ್ ಮಾಡ್ಬುಟ್ಟೆ."

ಮೋಟಾರು ಆಫ್ ಮಾಡುವುದೆಂದರೆ ನೀರು ಕುಡಿಯದಿರುವುದು. ಕೆಡವುವ ದಿನ ಬೆಳಗಿನಿಂದ ಅವರು ಒಂದು ಗುಟುಕೂ ಕುಡಿಯುತ್ತಿರಲಿಲ್ಲವಂತೆ. ಸಂಪಿಗೆ ಊರಿನ ದೇವಸ್ಥಾನಕ್ಕೆ ಹೊರಟರೆ ಹಿಂದಿನ ಸಂಜೆಯಿಂದಲೇ ಬಂದ್. ಎಳನೀರಿನ ಸೀಮೆಯಲ್ಲಿ ನಾಲಗೆ ಒಣಗಿಸಿಕೊಂಡು ಓಡಾಡುತ್ತಿದ್ದ ಹೆಂಗಸು ಇವರೊಬ್ಬರೇ ಇರಬೇಕು.

"ಅಟ್ಟದ ಮೇಲಿನ ಕಾಯಿ ನೋಡು," ಎಂದರು. "ಅಷ್ಟು ನೀರನ್ನೂ ಒಂದು ತೊಟ್ಟು ಆಚೆ ಬಿಡ್ದೆ ಒಳಗೇ ಕುಡುದು ಕೊಬ್ರಿ ಆಗ್ತದೆ. ನನ್ನ ಕೈಲಾಗಲ್ಲ."

ನಗು ತಡೆಯಲಾಗದೆ ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಅತ್ತೆಯೂ ನಕ್ಕರು, ನಕ್ಕ ತಕ್ಷಣ "ಅಯ್ಯೋ ಶಿವನೇ" ಎಂದು ಕಾಲು ಕತ್ತರಿ ಹಾಕಿದರು.

ತಿಪಟೂರಿಗೆ ಕರೆದುಕೊಂಡು ಹೋಗಲು ಒಂದು ವಾರ ಬೇಡಿಕೊಂಡೆ. ಕೊನೆಗೆ, "ಮುಂದಿನ ಕೆಡವೋದಕ್ಕೆ ಮಾವ ವಿಷಲ್ ಊದ್ತಾರೆ, ನೀವು ಜಗಲಿ ಮೇಲೆ ಕೂತು ಕೇಳಿಸ್ಕೊಳ್ಳಿ" ಎಂದ ಮೇಲೆ ಚಪ್ಪಲಿ ಮೆಟ್ಟಿದರು. ಮನೆಯಲ್ಲಿ ಕಣ್ಣು ತೋರಿಸಲು ಹೋಗುತ್ತೇವೆ ಎಂದು ಹೇಳಿದೆವು.

ಹೆಣ್ಣು ಡಾಕ್ಟರು ಮೊದಲು ಮೂತ್ರದ ಪರೀಕ್ಷೆ, ಸಕ್ಕರೆಯ ಪರೀಕ್ಷೆ ಮಾಡಿಸಿದರು. ಪರದೆಯ ಹಿಂದೆ ಕರೆದುಕೊಂಡು ಹೋಗಿ ನೋಡಿದರು. ಸೋಂಕಿಲ್ಲ, ಸಕ್ಕರೆ ಇಲ್ಲ. ಸೊಂಟದ ಗೂಡಿನ ತಳದಲ್ಲಿ ಮುಂದಿನ ಮೂಳೆಯಿಂದ ಹಿಂದಿನ ಮೂಳೆಯವರೆಗೆ ಜೋಲಿಯ ಹಾಗೆ ಕಟ್ಟಿದ ಸ್ನಾಯುಗಳಿವೆ, ಮೂತ್ರದ ಚೀಲ, ಗರ್ಭಕೋಶ, ಕರುಳಿನ ಕೊನೆ ಎಲ್ಲ ಅದರ ಮೇಲೆ ಕೂತಿರುತ್ತವೆ, ಹೆರಿಗೆಗಳಿಂದ, ಉಸಿರು ಬಿಗಿಹಿಡಿದು ಭಾರ ಎತ್ತಿದ್ದರಿಂದ, ಮಲಬದ್ಧತೆಯಲ್ಲಿ ತಿಣುಕಿದ್ದರಿಂದ ಅದು ಸಡಿಲವಾಗಿದೆ ಎಂದು ಹೇಳಿದರು.

ಅತ್ತೆ ಸ್ವಲ್ಪ ಯೋಚಿಸಿ, "ಹಂಗಾದ್ರೆ ವಾಷರ್ ಅಲ್ಲ. ಅಟ್ಟ ಜಗ್ಗೈತೆ ಅನ್ನಿ" ಎಂದರು.

ಡಾಕ್ಟರು ನಕ್ಕರು. ಅವರ ತೌರುಮನೆಯಲ್ಲೂ ಕೊಬ್ಬರಿಯ ಅಟ್ಟವಿತ್ತೆಂದು ಕಾಣುತ್ತದೆ. "ಜಗ್ಗಿದೆ ಅಮ್ಮ, ಮುರಿದಿಲ್ಲ. ಬಿಗಿ ಮಾಡಬಹುದು. ಆಪರೇಷನ್ ಮಾತು ಈಗ ಬೇಡ."

ಮೋಟಾರು ಆಫ್ ಮಾಡಿದ ವಿಷಯ ಕೇಳಿ ಮಾತ್ರ ಅವರು ನಗಲಿಲ್ಲ. ನೀರು ಕಡಿಮೆಯಾದರೆ ಮೂತ್ರ ಗಾಢಗೊಂಡು ಚೀಲವನ್ನು ಕೆರಳಿಸುತ್ತದೆ, ಇದ್ದಷ್ಟಕ್ಕೇ ಒತ್ತಿ ಬರುತ್ತದೆ, ಮಲಬದ್ಧತೆಯೂ ಹೆಚ್ಚುತ್ತದೆ. ಅಂದರೆ ಅತ್ತೆ ಓಡಬಾರದೆಂದು ಮಾಡಿದ ಉಪಾಯವೇ ಅವರನ್ನು ಓಡಿಸಿತ್ತು. ಇಡೀ ದಿನಕ್ಕೆ ಹಂಚಿ ನೀರು ಕುಡಿಯಿರಿ, ಕಾಫಿ ಕಡಿಮೆ ಮಾಡಿ, ಎಂದು ಹೇಳಿ ಒಳಗಿನ ಕೋಣೆಯ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು.

ಆ ಹುಡುಗಿ ನನ್ನ ವಾರಿಗೆಯವಳು. ಅತ್ತೆಯನ್ನು ಮಲಗಿಸಿ, "ಮೂತ್ರಾನೂ ಗ್ಯಾಸೂ ಒಟ್ಟಿಗೆ ತಡೆಯೋ ಹಾಗೆ ಒಳಗಡೆ ಬಿಗಿ ಮಾಡಿ, ಮೇಲಕ್ಕೆ ಎಳ್ಕೊಳ್ಳಿ" ಎಂದಳು. ಅತ್ತೆ ಕೆನ್ನೆ ಉಬ್ಬಿಸಿ, ಮುಷ್ಟಿ ಕಟ್ಟಿ, ಹಲ್ಲು ಕಚ್ಚಿದರು. ಮುಖ ಟೊಮೇಟೊ ಆಯಿತು.

"ಅಮ್ಮ, ಉಸಿರು ಕಟ್ಟಬೇಡಿ. ಹೊಟ್ಟೆ, ತೊಡೆ ಬಿಗಿ ಮಾಡಬೇಡಿ. ಕೆಳಕ್ಕೆ ಮುಕ್ಕಲೇಬೇಡಿ. ಮುಖ ನೋಡಿದರೆ ಏನೂ ಗೊತ್ತಾಗಬಾರದು."

ಅತ್ತೆ ಇನ್ನೆರಡು ಸಲ ಟೊಮೇಟೊ ಆದರು. ಆಮೇಲೆ ತಟ್ಟನೆ, "ಗುರ್ತಿಲ್ದೋರು ಕರೆಯೋಕೆ ಕೂತ್ರೆ ಹಸ ಹಾಲು ಮೇಲಕ್ಕೆ ಎಳ್ಕಂಡು ಸುಮ್ನೆ ನಿಂತ್ಕಂತದಲ್ಲ, ಹಂಗೇನವ್ವ?" ಎಂದರು. ಹುಡುಗಿ ಪೇಟೆಯವಳು, ಹಸು ಕರೆದವಳಲ್ಲ. ಆದರೆ ಅತ್ತೆ ಹಸುವಿನ ಮುಖ ಮಾಡಿಕೊಂಡು ಮಲಗಿದಾಗ ಪರೀಕ್ಷೆ ಮಾಡಿ, "ಇದೇ! ಇದೇ ಸರಿ!" ಎಂದು ಕೂಗಿದಳು.

ಎಳೆದು ಹಿಡಿಯಬೇಕು, ಪೂರ್ತಿ ಬಿಡಬೇಕು, ಬಿಡುವುದೂ ಹಿಡಿದಷ್ಟೇ ಮುಖ್ಯ. ಸೀನುವ ಮೊದಲು, ಕೆಮ್ಮುವ ಮೊದಲು, ಭಾರ ಎತ್ತುವ ಮೊದಲು ಎಳೆದುಕೊಳ್ಳಬೇಕು. ಇನ್ನು ಇದ್ದಕ್ಕಿದ್ದಂತೆ ಒತ್ತಿ ಬಂದಾಗ?

"ಓಡಬಾರದು," ಎಂದಳು ಹುಡುಗಿ. "ಓಡಿದಷ್ಟೂ ಅದು ಜೋರಾಗುತ್ತೆ. ನಿಂತಲ್ಲೇ ನಿಂತು, ಒಳಗೆ ಬೇಗ ಬೇಗ ಎಳೆದು ಬಿಟ್ಟು ಮಾಡಿ. ಅಲೆ ಬಂದ ಹಾಗೆ ಬಂದು ಹೋಗುತ್ತೆ. ಹೋದ ಮೇಲೆ ನಿಧಾನವಾಗಿ ನಡೆದು ಹೋಗಿ."

ಅತ್ತೆ ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ನಿಂತಲ್ಲೇ ನಿಲ್ಲುವುದನ್ನು ಇಡೀ ತೋಟಕ್ಕೆ ಕಲಿಸಿದ ಹೆಂಗಸು ಅವರು.

ಹೊರಡುವಾಗ ಹುಡುಗಿ ನನ್ನ ಕಡೆ ತಿರುಗಿ, "ನಿಮಗೆ ಹೇಗೆ? ಹೆರಿಗೆ ಆಗಿದೆಯಲ್ಲ?" ಎಂದಳು. ನನಗೇನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಆಸ್ಪತ್ರೆಯ ಫಿನಾಯಿಲ್ ವಾಸನೆಗೆ ಸೀನು ಬಂತು. ಸೀನಿದಾಗ ನನ್ನ ಕಾಲು ತಾನಾಗಿ ಕತ್ತರಿ ಹಾಕಿಕೊಂಡಿದ್ದನ್ನು ಮೂವರೂ ನೋಡಿದೆವು.

"ಇವ್ಳ ಅಟ್ಟಾನೂ ನೋಡವ್ವ," ಎಂದರು ಅತ್ತೆ ಸಂತೋಷದಿಂದ.

ಡಾಕ್ಟರು ನನ್ನನ್ನೂ ನೋಡಿದರು. ಕೆಲವರಲ್ಲಿ ಆ ಸ್ನಾಯು ಸಡಿಲವಾಗುವ ಬದಲು ಅತಿ ಬಿಗಿಯಾಗಿರುತ್ತದೆ, ಅಂಥವರು ಈ ವ್ಯಾಯಾಮ ಮಾಡಿದರೆ ತೊಂದರೆ ಹೆಚ್ಚುತ್ತದೆ, ಅದಕ್ಕೇ ನೋಡದೆ ಯಾರಿಗೂ ಹೇಳಿಕೊಡುವುದಿಲ್ಲ ಎಂದರು. ನನ್ನದು ಅತ್ತೆಯ ಜಾತಿಯದೇ, ಆದರೆ ಸೌಮ್ಯ. ಮನೆಗೆ ಬಂದಾಗ ನಮ್ಮ ಮನೆಯವರು, "ಕಣ್ಣಿನ ಡಾಕ್ಟ್ರು ಏನಂದ್ರವ್ವ?" ಎಂದು ಕೇಳಿದರು. "ನಿನ್ನ ಹೆಂಡ್ತೀಗೂ ಐತಂತೆ ಕಣಪ್ಪ" ಎಂದರು ಅತ್ತೆ. ನಮ್ಮ ಮನೆಯವರು ಆ ರಾತ್ರಿಯೇ ನನ್ನ ಫೋನಿನ ಅಕ್ಷರ ದೊಡ್ಡದು ಮಾಡಿಕೊಟ್ಟರು.

ಆಮೇಲೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಅತ್ತೆ ಸೊಸೆ ಇಬ್ಬರೂ ಮಾತು ನಿಲ್ಲಿಸಿ, ಹಸುವಿನ ಮುಖ ಮಾಡಿಕೊಂಡು, ಗೋಡೆ ನೋಡುತ್ತ ಕೂರುತ್ತಿದ್ದೆವು. ಮಾವ ಕೆಲವು ದಿನ ನೋಡಿದರು.

"ಏನ್ ನಡೀತೈತೆ ಇಲ್ಲಿ? ಅತ್ತೆ ಸೊಸೆ ಜಗಳ ಆಡ್ದೇ ಕೂತವ್ರೆ ಅಂದ್ರೆ ನನ್ಗೆ ಭಯ ಆಯ್ತದೆ."

"ನೀವು ನಿಮ್ ವಿಷಲ್ ಊದೋದು ಕಲ್ತ್ಕಳಿ," ಎಂದರು ಅತ್ತೆ, ಮುಖ ಕದಲಿಸದೆ.

ಮಾವ ಮತ್ತೆ ಕೇಳಲಿಲ್ಲ. ಆದರೆ ಮುಂದಿನ ಕೆಡವುವ ದಿನ ಹತ್ತಿರ ಬಂದಾಗ ಅವರು ಜಗಲಿಯಲ್ಲಿ ಕೂತು ಹಸಿ ತೆಂಗಿನ ಗರಿ ಹೆಣೆಯುತ್ತಿದ್ದರು. ನೋಡಿದರೆ ಬದುವಿನ ಹಿಂದೆ, ಯಾವ ಮರವೂ ಮೇಲೆ ಬಾರದ ಬಯಲಲ್ಲಿ, ಮೂರು ಕಡೆ ಗರಿಯ ತಡಿಕೆ ನಿಲ್ಲಿಸಿ, ಒಳಗೊಂದು ನೀರಿನ ಬಿಂದಿಗೆ ಇಟ್ಟಿದ್ದಾರೆ. ಸಂಜೆ ಜಗಲಿಯಲ್ಲಿ ನಮ್ಮ ಮನೆಯವರು ಕೇಳಿದರು, "ಅದ್ಯಾಕಪ್ಪ?"

"ಹಾವಿಗೆ," ಎಂದರು ಮಾವ.

"ಹಾವಿಗ್ಯಾಕೆ ತಡಿಕೆ?"

"ನಿಂಗೆ ಗೊತ್ತಾಗಲ್ಲ ಬುಡ್ಲಾ."

ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ಅವತ್ತು ಮಾವನ ತಟ್ಟೆಗೆ ತುಪ್ಪ ಮಾತ್ರ ಧಾರಾಳವಾಗಿ ಬಿತ್ತು.

ಕೆಡವುವ ದಿನ ಮಾವ ವಿಷಲ್ ಕೊರಳಿಗೆ ಹಾಕಿಕೊಂಡು ಬದುವಿನ ಮೇಲೆ ನಿಂತರು. ಅತ್ತೆ ನನ್ನ ಜೊತೆ ಕಾಫಿ ತರುವ ನೆಪದಲ್ಲಿ ಬಂದು ಹಿಂದೆ ನಿಂತರು. ಬೆಳಗಿನಿಂದ ನೀರು ಕುಡಿದಿದ್ದರು, ನಾನು ನೋಡಿದ್ದೆ. ಮರದವನು ಕತ್ತಿ ಇಟ್ಟ. ಮಾವ ಒಂದು ಸಲ ಊದಿದರು. ಏನೂ ಬೀಳಲಿಲ್ಲ. ಎರಡು ಸಲ ಊದಿದರು. ಮೇಲಿನಿಂದ ದನಿ ಬಂತು.

"ಯಜಮಾನ್ರೇ, ಇದೇನು ಬಸ್ಸಾ? ಒಂದು ಹೊಡುದ್ರೆ ಸ್ಟಾಪು, ಎಲ್ಡು ಹೊಡುದ್ರೆ ರೈಟು. ಈಗ ನಾನು ಕಡೀಲೋ ನಿಲ್ಲಿಸ್ಲೋ?"

"ಕಡಿಯೋ!" ಎಂದರು ಮಾವ. ಅವರ ದನಿ ಬದು ದಾಟಲಿಲ್ಲ.

"ಏನಂದ್ರೀ? ನಂಗೆ ಕೇಳ್ಸಲ್ಲ ಕಣ್ರೀ! ಅವತ್ತೇ ಒಂದು ಜೀವ ಹೋಗೋದು ಉಳ್ಕಂಡೈತೆ. ಅವ್ವ ಕೂಗಿದ್ರೆ ಕಾಯಿ, ಇಲ್ಲಾಂದ್ರೆ ನಾನು ಇಳ್ದ್ ಬತ್ತೀನಿ!"

ನಮ್ಮ ಮನೆಯವರು ತಾಯಿಯ ಮುಖ ನೋಡಿದರು. ಅವರಿಗೂ ಅವತ್ತಿನ ಗೊನೆ ಕಣ್ಣ ಮುಂದೆ ಬಿದ್ದಿರಬೇಕು. "ಹಾವು ಬಂದ್ರೂ ಓಡ್ಬಾರ್ದು ನೀನು," ಎಂದರು ಮೆಲ್ಲಗೆ.

"ಓಡಲ್ಲ ಕಣಪ್ಪ."

ಅತ್ತೆ ಬದು ಹತ್ತಿದರು. ನಾಲ್ಕೂ ಕಡೆ ನೋಡಿದರು. ಕೂಗುವ ಮೊದಲು ಒಂದು ಕ್ಷಣ ಅವರ ಮುಖ ಹಸುವಿನದಾಯಿತು. ಆ ಕ್ಷಣ ಗೊತ್ತಿದ್ದದ್ದು ನನಗೊಬ್ಬಳಿಗೇ.

"ಬೀಳ್ತೈತೇ!"

ಹಳೆಯ ಕೂಗು. ಹೊಟ್ಟೆಯ ತಳದಿಂದ ಬಂದದ್ದು. ಪಕ್ಕದ ತೋಟದ ಎಮ್ಮೆ ತಲೆ ಎತ್ತಿತು. ಎಲ್ಲರೂ ನಿಂತರು. ಆಗ ಅತ್ತೆಯ ಕೈ ಸೀರೆಯ ನೆರಿಗೆಗೆ ಹೋದದ್ದನ್ನು ನೋಡಿದೆ. ಒತ್ತಿ ಬಂದಿತ್ತು. ಮತ್ತೆ ಆ ಮರ, ಮತ್ತೆ ಆ ದಾರಿ, ಮತ್ತೆ ನನ್ನ ಕಾಲು ನೆಲಕ್ಕೆ ಅಂಟಿದೆ. ಈ ಸಲ ಕಟ್ಟಳೆ ಮುರಿದು ಹಿಡಿದುಕೊಳ್ಳಲು ಒಂದು ಹೆಜ್ಜೆ ಇಟ್ಟೇಬಿಟ್ಟೆ. ಅತ್ತೆ ತಿರುಗದೆ, ಹಿಂದಕ್ಕೆ ಒಂದು ಕೈ ಚಾಚಿ, ಅಂಗೈಯಿಂದ ನನ್ನನ್ನು ತಡೆದರು.

"ನಿಂತಲ್ಲೇ ನಿಲ್ಲು ಕಣೇ."

ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಿಲ್ಲ. ಗೊನೆ ಬಿತ್ತು. ಧಡ್! ನನ್ನ ಕತ್ತು ಹೆಗಲೊಳಕ್ಕೆ ಹೋಯಿತು. ಕಾಯಿಗಳು ಉರುಳಿದವು, ಒಂದೊಂದಾಗಿ ನಿಂತವು. ಕೊನೆಯ ಕಾಯಿ ನಿಲ್ಲುವವರೆಗೂ ಅತ್ತೆ ಎಮ್ಮೆಯನ್ನೇ ನೋಡುತ್ತಿದ್ದರು, ಎಮ್ಮೆ ಅತ್ತೆಯನ್ನು ನೋಡುತ್ತಿತ್ತು. ಆಮೇಲೆ ಅವರ ಕೈ ನೆರಿಗೆ ಬಿಟ್ಟಿತು.

"ಆಯ್ತೂ."

ಬದುವಿನಿಂದ ಇಳಿದು, ಮದುವೆಮನೆಗೆ ಹೊರಟವರ ಹಾಗೆ ಸೆರಗು ಸರಿಮಾಡಿಕೊಂಡು, ನಿಧಾನವಾಗಿ ತಡಿಕೆಯ ಕಡೆ ನಡೆದರು.

"ಅವ್ವಾ, ಹಾವು ಇನ್ನೂ ಐತಾ?" ಎಂದು ಮರದ ಮೇಲಿನವನು ಕೂಗಿದ.

"ಐತೆ ಕಣಪ್ಪ," ಎಂದರು ಅತ್ತೆ, ನಡೆಯುತ್ತಲೇ. "ಈಗ ಅದು ಒಂಚೂರು ನನ್ ಮಾತು ಕೇಳ್ತೈತೆ."

ಗಂಡಸರಿಬ್ಬರು ಕೋಲು ಹುಡುಕಲು ಹೋದರು. ಮಾವ ವಿಷಲನ್ನು ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟು, "ಮಕ್ಕಳಿಗೆ ಕೊಡವ್ವ" ಎಂದರು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. ಕಾಫಿಯ ಹಬೆ ಮೂಗಿಗೆ ಬಂದು ಸೀನು ಬಂತು. ಸೀನುವ ಮೊದಲು, ಮುಖದಲ್ಲಿ ಏನೂ ತೋರಿಸದೆ, ನನ್ನ ಅಟ್ಟವನ್ನು ನಾನು ಬಿಗಿಹಿಡಿದೆ.